ಕೋಠಿಯ ರೆಸಿಡೆನ್ಸಿ: ಅಳಿದುದು, ಉಳಿದುದು

ಸುಲ್ತಾನ್ ಬಜಾರಿನಲ್ಲಿ ಓಡಾಡುವ ನಮ್ಮವರಲ್ಲಿ ಅನೇಕರು ಪಕ್ಕದ ಆವರಣದೊಳಗಿನ ಪ್ರಾಸಾದವನ್ನು ಕಣ್ತುಂಬ ನೋಡಿದವರಲ್ಲ. ಈ ಪೇಟೆ ಬೆಳೆದದ್ದೇ ಅದರ ಆಶ್ರಯದಲ್ಲಿ. 1933ರಲ್ಲಿ ನಿಜಾಮರ ಆಡಳಿತಕ್ಕೆ ಮರಳುವವರೆಗೆ ಇದು ರೆಸಿಡೆನ್ಸಿ ಬಜಾರ್ ಎಂದೇ ಹೆಸರಾಗಿದ್ದಿತು.

ಬ್ರಿಟಿಷ್ ರೆಸಿಡೆಂಟನಾಗಿದ್ದ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ಕನು 1803ರಲ್ಲಿ ಪ್ರಾಸಾದದ ಕೆಲಸಕ್ಕೆ ತೊಡಗಿದನು. ನಕ್ಷೆ ಮದರಾಸು ಸೈನ್ಯದ ಎಂಜಿನಿಯರ್ ಸ್ಯಾಮ್ಯುಅಲ್ ರಸೆಲ್ಲನದು, ಹಣ ನಿಜಾಮರದು. ಮುಂಭಾಗದ ಆರು ಕೊರಿಂಥಿಯನ್ ಕಂಬಗಳೂ ಅವುಗಳ ಮೇಲಣ ತ್ರಿಕೋನ ಮುಖವೂ ರೋಮನ್ ದೇವಾಲಯಗಳ ಮಾದರಿಯವು. ಕಟ್ಟಡ ಮುಗಿಯುವ ಮೊದಲೇ, 1805ರಲ್ಲಿ, ಅವನು ಕಲ್ಕತ್ತೆಯಲ್ಲಿ ತೀರಿಕೊಂಡನು. ಪತ್ನಿ ಖೈರುನ್ನಿಸಾ ಬೇಗಮಳಿಗಾಗಿ ಹಿಂಬದಿಯಲ್ಲಿ ಕಟ್ಟಿಸಿದ್ದ ಅಂತಃಪುರವಾದ ರಂಗಮಹಲನ್ನು 1860ರ ಸುಮಾರಿಗೆ ಕೆಡವಲಾಯಿತು. ಇಂಗ್ಲಿಷ್ ಅಧಿಕಾರಿಯೊಬ್ಬನು ಹೈದರಾಬಾದಿನ ಕುಲೀನ ಮನೆತನದ ಅಳಿಯನಾಗಿದ್ದನೆಂಬುದು ಮುಂದಿನ ತಲೆಮಾರಿನ ಆಂಗ್ಲರಿಗೆ ಸಹಿಸಲಾರದ ನೆನಪಾಗಿದ್ದಿತು. ಆ ತೋಟದಲ್ಲಿ ಇಂದಿಗೂ ಉಳಿದಿರುವುದು ಪ್ರಾಸಾದದ ಪುಟ್ಟ ಪ್ರತಿಕೃತಿ.

ಟಿವೊಲಿಯಲ್ಲಿದ್ದ ಹೇಡ್ರಿಯನ್ ಚಕ್ರವರ್ತಿಯ ವಿಹಾರಭವನ ನಿರ್ಜನವಾದ ಮೇಲೆ ಅದರ ಅಮೃತಶಿಲೆ ಹೊಸ ಶ್ರೀಮಂತರ ಭವನಗಳ ಪಾಲಾಯಿತು. ಕೋಠಿಗೆ ಆ ಗತಿ ಬರಲಿಲ್ಲ. 1949ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು ಇಲ್ಲಿಗೆ ಬಂದಿತು. ಜೀರ್ಣಿಸುತ್ತಿದ್ದ ದರ್ಬಾರ್ ಭವನದ ದುರಸ್ತಿ ಬಹಳ ತಡವಾಗಿಯೇ ಕೈಗೂಡಿತಾದರೂ, ವಿದ್ಯಾರ್ಥಿನಿಯರ ಓಡಾಟವಿಲ್ಲದಿದ್ದರೆ ದುರಸ್ತಿಗೆ ಏನೂ ಉಳಿಯುತ್ತಿರಲಿಲ್ಲವೆಂದು ನನ್ನ ಎಣಿಕೆ. 2022ರಲ್ಲಿ ಕಾಲೇಜೇ ಮಹಿಳಾ ವಿಶ್ವವಿದ್ಯಾಲಯವಾಯಿತು.

ಈಚೆಗೆ ಈ ಸ್ಥಳವೆಂದರೆ ಕರ್ಕ್‌ಪ್ಯಾಟ್ರಿಕ್ಕನ ಪ್ರೇಮಕಥೆ ಎಂಬಂತಾಗಿದೆ. ಕನ್ನಡಿಗರಾದ ನಾವು ಅಷ್ಟಕ್ಕೇ ನಿಲ್ಲುವಂತಿಲ್ಲ. ಸೈನ್ಯದ ವೇತನದ ಬಾಕಿಯನ್ನು ಮುಂದೊಡ್ಡಿ, 1853ರಲ್ಲಿ ರೆಸಿಡೆಂಟ್ ಕರ್ನಲ್ ಲೋ ನಿಜಾಮರಿಂದ ಒಪ್ಪಂದವೊಂದನ್ನು ಪಡೆದನು. ಬೀರಾರದೊಡನೆ ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ದೋಆಬ್ ಕೂಡ ಕಂಪನಿಯ ಆಡಳಿತಕ್ಕೆ ಸೇರಿತು. ನಮ್ಮ ರೈತರ ಕಂದಾಯ ಯಾರ ಬೊಕ್ಕಸ ಸೇರಬೇಕೆಂಬುದು ರೈತರನ್ನು ಕೇಳದೆಯೇ ನಿರ್ಧಾರವಾಯಿತು.

1857ರ ಜುಲೈ 17ರಂದು ತುರ್ರೆಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನರ ನೇತೃತ್ವದಲ್ಲಿ ಜನ ಈ ರೆಸಿಡೆನ್ಸಿಯ ಮೇಲೆಯೇ ಎರಗಿದರು. ದಾಳಿ ವಿಫಲವಾಯಿತು. ಮರುವರ್ಷ ಸುರಪುರದ ಅರಸ ವೆಂಕಟಪ್ಪ ನಾಯಕನು ದಂಗೆಯೆದ್ದು, ಸೋತು, ಹೈದರಾಬಾದಿಗೆ ಬಂದಾಗ ಸೆರೆಸಿಕ್ಕನು. ಮರಣದಂಡನೆ ತಗ್ಗಿ ನಾಲ್ಕು ವರ್ಷದ ಸೆರೆವಾಸವಾಗಿದ್ದರೂ, ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಗುಂಡೇಟಿನಿಂದ ಅವನ ಬಾಳು ಮುಗಿಯಿತು. 1860ರ ಒಪ್ಪಂದದಲ್ಲಿ ರಾಯಚೂರು ದೋಆಬ್ ನಿಜಾಮರಿಗೆ ಹಿಂತಿರುಗಿತು. ದಂಗೆಯ ಕಾಲದ ನಿಷ್ಠೆಗೆ ಬಹುಮಾನವಾಗಿ ಸುರಪುರವೂ ಅವರಿಗೇ ದೊರೆಯಿತು.