ಮನೋವೈದ್ಯರ ವರದಿ, ಧರ್ಮಸಭೆಯ ತೀರ್ಪು
ಪುಣೆ ಕಥೋಲಿಕ ಧರ್ಮಪ್ರಾಂತ್ಯಕ್ಕೆ ಸೇರಿದ ಬಾರಾಮತಿಯ ಪತಿಯೋ ಪತ್ನಿಯೋ, ಸಂಗಾತಿಯ ಮನೋರೋಗದ ಕಾರಣ ತಮ್ಮ ವಿವಾಹವು ಮೊದಲಿನಿಂದಲೂ ಅಸಿಂಧುವೆಂದು ಧರ್ಮಸಭೆಯ ನ್ಯಾಯಮಂಡಳಿಯಲ್ಲಿ ವಾದಿಸಿದರೆ, ಮನೋವೈದ್ಯರ ವರದಿಯೇ ಅಂತಿಮವೆ? ಅಲ್ಲವೆನ್ನುತ್ತದೆ 1983ರ ಕ್ಯಾನನ್ ಸಂಹಿತೆ. ಅದರ 1579ನೆಯ ವಿಧಿಯಂತೆ, ತಜ್ಞರು ಒಮ್ಮತದಿಂದ ನುಡಿದರೂ ನ್ಯಾಯಾಧೀಶರು ಪ್ರಕರಣದ ಇತರ ಸಂಗತಿಗಳನ್ನೂ ತೂಗಿನೋಡಬೇಕು. ಆ ಅಭಿಪ್ರಾಯವನ್ನು ಒಪ್ಪಿದುದಕ್ಕೆ ಅಥವಾ ತಳ್ಳಿದುದಕ್ಕೆ ಕಾರಣವನ್ನು ತೀರ್ಪಿನಲ್ಲಿ ತಿಳಿಸಬೇಕು. ದಾಂಪತ್ಯದ ಕಷ್ಟವೇ ಬೇರೆ, ಅಸಾಮರ್ಥ್ಯವೇ ಬೇರೆ ಎಂದು ಪೋಪ್ ಎರಡನೆಯ ಜಾನ್ ಪಾಲರು 1987ರಲ್ಲಿ ಸ್ಪಷ್ಟಪಡಿಸಿದರು. ರೋಗದ ಹೆಸರೊಂದೇ ವ್ಯಕ್ತಿಯ ಸಮ್ಮತಿಯನ್ನು ಅಳಿಸಬಾರದೆಂಬ ಈ ಎಚ್ಚರವನ್ನು ನಾವು ವೈದ್ಯದ್ವೇಷವೆನ್ನಲಾರೆವು. ಇಂಥ ಪ್ರಕರಣಗಳಲ್ಲಿ ತಜ್ಞರ ನೆರವನ್ನು ವಿಧಿಸಿರುವುದೂ ಅದೇ ಸಂಹಿತೆ. ಆದರೆ ಈ ತೀರ್ಪಿಗೆ ಕಾನೂನಿನ ಮಾನ್ಯತೆ ಕೋರಿದ ಮಂಗಳೂರಿನ ಕ್ಲಾರೆನ್ಸ್ ಪಾಯಸ್ ಅವರ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತಿರಸ್ಕರಿಸಿತು. ಬಾರಾಮತಿಯವರು ಸಿವಿಲ್ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಲೇಬೇಕು.