ಕ್ರೂನಲ್ಲಿ ಇರುವುದು, ಮಧುಗಿರಿಯಲ್ಲಿ ಇಲ್ಲದ್ದು

2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಭಾರತದ ಫುಟ್‌ಬಾಲ್ ತಂಡ ಅಫ್ಗಾನಿಸ್ತಾನದ ಎದುರು 1–2ರಿಂದ ಸೋತಿತು. ಅದು ಸುನಿಲ್ ಚೆಟ್ರಿ ಅವರ 150ನೇ ಅಂತರರಾಷ್ಟ್ರೀಯ ಪಂದ್ಯ. 2025ರ ಜೂನ್ 10ರಂದು ಹಾಂಗ್‌ಕಾಂಗ್ ತಂಡವೂ ಭಾರತವನ್ನು 1–0ಯಿಂದ ಮಣಿಸಿತು. ಆಯಾ ಪಂದ್ಯದಲ್ಲಿ ಎದುರಾಳಿ ತಂಡದ ತರಬೇತುದಾರರಾಗಿದ್ದವರು ಒಬ್ಬರೇ, ಇಂಗ್ಲೆಂಡಿನ ಮಾಜಿ ಆಟಗಾರ ಆಶ್ಲೆ ವೆಸ್ಟ್‌ವುಡ್. ಅವರು ಮುಖ್ಯ ತರಬೇತುದಾರರಾಗಿ ಮೊದಲು ಹೆಸರು ಗಳಿಸಿದ್ದು ನಮ್ಮ ಬೆಂಗಳೂರಿನಲ್ಲಿ.

ವೆಸ್ಟ್‌ವುಡ್ ದೊಡ್ಡ ತಾರೆಯೇನೂ ಅಲ್ಲ. ನನಗೆ ಅವರ ವೃತ್ತಿಜೀವನ ಮುಖ್ಯವೆನಿಸುವುದೂ ಅದೇ ಕಾರಣಕ್ಕೆ. 1976ರಲ್ಲಿ ಶ್ರಾಪ್‌ಶೈರ್‌ನ ಬ್ರಿಜ್‌ನಾರ್ತ್‌ನಲ್ಲಿ ಜನಿಸಿದ ಅವರು ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ಕಿರಿಯರ ತಂಡದಲ್ಲಿ ಬೆಳೆದರು. 1995ರಲ್ಲಿ ಯುವಕರ ಎಫ್.ಎ. ಕಪ್ ಗೆದ್ದ ತಂಡದಲ್ಲಿಯೂ ಇದ್ದರು. ಆದರೆ ಹಿರಿಯರ ತಂಡದ ಬಾಗಿಲು ತೆರೆಯಲಿಲ್ಲ. ನಮ್ಮಲ್ಲಾದರೆ ಹತ್ತೊಂಬತ್ತರ ಹುಡುಗನ ಕ್ರೀಡಾಬದುಕು ಅಲ್ಲಿಗೆ ಮುಗಿದು, ಯಾವುದಾದರೂ ನೇಮಕಾತಿ ಪರೀಕ್ಷೆಯ ಅರ್ಜಿ ತುಂಬುವ ಕೆಲಸ ಆರಂಭವಾಗುತ್ತಿತ್ತು. ಅವರು ಕ್ರೂ ಅಲೆಕ್ಸಾಂಡ್ರಾ ಎಂಬ ಸಣ್ಣ ಕ್ಲಬ್ಬಿಗೆ ಹೋದರು. ಅಲ್ಲಿಂದ ಬ್ರಾಡ್‌ಫರ್ಡ್ ಸಿಟಿ, ಶೆಫೀಲ್ಡ್ ವೆಡ್ನೆಸ್‌ಡೇ, ನಾರ್ಥ್ಯಾಂಪ್ಟನ್, ಚೆಸ್ಟರ್, ಮುಂದೆ ಇನ್ನೂ ಕೆಳಗಿನ ಕ್ಲಬ್ಬುಗಳು. ಹೀಗೆ ಒಂದೂವರೆ ದಶಕ ರಕ್ಷಣಾ ಆಟಗಾರನಾಗಿ ದುಡಿದು ಉಂಡರು.

ಕ್ರೂ ರೈಲ್ವೆ ಕಾರ್ಖಾನೆಯಿಂದ ಬೆಳೆದ ಊರು. ಜನಸಂಖ್ಯೆಯಲ್ಲಿ ನಮ್ಮ ಶಿರಾ ಪಟ್ಟಣಕ್ಕಿಂತ ಬಹಳ ದೊಡ್ಡದೇನಲ್ಲ. ಅಂಥ ಊರಿನ ಕ್ಲಬ್ 1877ರಿಂದ ನಡೆದುಬಂದಿದೆ. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್‌ನ 20 ಕ್ಲಬ್ಬುಗಳ ಕೆಳಗೆ ಮೂರು ದರ್ಜೆಗಳಲ್ಲಿ 72 ಕ್ಲಬ್ಬುಗಳಿವೆ. ಈ ಮೂರೂ ದರ್ಜೆಗಳ ತಂಡವೊಂದು ಒಂದು ಋತುವಿನಲ್ಲಿ 46 ಲೀಗ್ ಪಂದ್ಯಗಳನ್ನಾಡುತ್ತದೆ. ಗೆದ್ದವರು ಮೇಲೇರುತ್ತಾರೆ, ಸೋತವರು ಇಳಿಯುತ್ತಾರೆ, ಆದರೆ ಇಳಿದವರಿಗೂ ಕೆಲಸವಿರುತ್ತದೆ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಆಳವಾದ ಉದ್ಯೋಗ ಮಾರುಕಟ್ಟೆ. ಅಲ್ಲಿ ಎಲ್ಲವೂ ಸುಂದರವೆಂದಲ್ಲ. ಕ್ರೂ ಕ್ಲಬ್ಬಿನಲ್ಲಿದ್ದ ತರಬೇತುದಾರನೊಬ್ಬ ಬಾಲಕರ ಮೇಲೆ ಎಸಗಿದ ಲೈಂಗಿಕ ದೌರ್ಜನ್ಯಕ್ಕಾಗಿ 2018ರಲ್ಲಿ ದೀರ್ಘಾವಧಿ ಜೈಲುಶಿಕ್ಷೆಗೆ ಗುರಿಯಾದ. ಮಕ್ಕಳನ್ನು ಸಂಸ್ಥೆಯ ಕೈಗೊಪ್ಪಿಸುವಾಗ ಕಾವಲೂ ಇರಬೇಕೆಂಬುದನ್ನು ಆ ಊರಿನಿಂದಲೇ ಕಲಿಯಬೇಕು.

2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿ ಕ್ಲಬ್ ಸ್ಥಾಪಿಸಿ ವೆಸ್ಟ್‌ವುಡ್ ಅವರನ್ನು ಕರೆತಂದಿತು. ಇಂಗ್ಲೆಂಡಿನ ಕೆಳದರ್ಜೆಗಳಲ್ಲಿ ಆಡಿದ್ದ ಜಾನ್ ಜಾನ್ಸನ್ ಮತ್ತು ಕೀನ್ಯಾ ಮೂಲದ ಕರ್ಟಿಸ್ ಒಸಾನೊ ರಕ್ಷಣೆಗೆ ನಿಂತರು. ಆಹಾರ, ವಿಶ್ರಾಂತಿ, ದೇಹದಾರ್ಢ್ಯ, ಪಂದ್ಯದ ವಿಡಿಯೊ ವಿಶ್ಲೇಷಣೆ ಎಲ್ಲವೂ ದಿನಚರಿಯಾದವು. ಮೊದಲ ವರ್ಷವೇ, 2014ರ ಏಪ್ರಿಲ್‌ನಲ್ಲಿ, ಗೋವಾದಲ್ಲಿ ಡೆಂಪೊ ತಂಡವನ್ನು ಸೋಲಿಸಿ ಐ-ಲೀಗ್ ಗೆದ್ದರು. ಮರುವರ್ಷ ಫೆಡರೇಷನ್ ಕಪ್ ಬಂತು. ಆದರೆ ಲೀಗ್ ಪ್ರಶಸ್ತಿ 2015ರ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ, ಕೊನೆಯ ನಿಮಿಷಗಳಲ್ಲಿ ಮೋಹನ್ ಬಾಗನ್ ಸಮಬಲ ಸಾಧಿಸಿದ್ದರಿಂದ ಕೈತಪ್ಪಿತು. 2016ರಲ್ಲಿ ಅದನ್ನು ಮರಳಿ ಪಡೆದು ಅವರು ನಿರ್ಗಮಿಸಿದರು.

ಬೆಂಗಳೂರಿಗೆ ಈ ಆಟ ಹೊಸತಾಗಿರಲಿಲ್ಲ. ದಂಡು ಪ್ರದೇಶದ ಬ್ರಿಟಿಷ್ ರೆಜಿಮೆಂಟುಗಳಿಂದ ಕಲಿತವರು ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಹುಡುಗರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್, ಕಾಲ್ಚಳಕಕ್ಕೆ ಹೆಸರಾದ ಅಹ್ಮದ್ ಖಾನ್ ಇಬ್ಬರೂ ಈ ಊರಿನವರೇ. ಮೈಸೂರು ರಾಜ್ಯ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು. 1968–69ರ ಬಳಿಕ ಐದನೆಯದಕ್ಕೆ 2023ರವರೆಗೆ, ರಿಯಾದ್ ಫೈನಲ್‌ನಲ್ಲಿ ಮೇಘಾಲಯವನ್ನು ಸೋಲಿಸುವವರೆಗೆ, ಕಾಯಬೇಕಾಯಿತು. ದಂಡಿನ ಗಡಿ ದಾಟಿ ಆಟ ಹೆಚ್ಚು ದೂರ ನಡೆಯಲಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಎಷ್ಟು ಹತ್ತಿರದಲ್ಲಿ ನಿಂತಿತೆಂಬುದನ್ನು ತಿಳಿಯಲು ಮಧುಗಿರಿ ಉಪವಿಭಾಗವನ್ನು ನೋಡಿದರೆ ಸಾಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯೂ ಹೌದು. ರಾಜಧಾನಿಯಿಂದ ಮಧುಗಿರಿಗೆ ಸುಮಾರು 100 ಕಿ.ಮೀ. ಮಳೆ ಕೈಕೊಡುವ ಈ ಸೀಮೆಯ ಮಕ್ಕಳ ಕಾಲುಗಳಲ್ಲಿ ಕಸುವಿಗೆ ಕೊರತೆಯಿಲ್ಲ. ಕಬಡ್ಡಿ, ಕೊಕ್ಕೊ, ವಾಲಿಬಾಲ್ ಅಂಕಣಗಳಲ್ಲಿ ಅದನ್ನು ಕಾಣಬಹುದು. ಆದರೆ ಹೋಬಳಿ, ತಾಲ್ಲೂಕು, ಜಿಲ್ಲೆ ಎಂಬ ಮೆಟ್ಟಿಲುಗಳ ಶಾಲಾ ಕ್ರೀಡಾಕೂಟ ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ಎಸ್ಸೆಸ್ಸೆಲ್ಸಿಯ ವರ್ಷ ಮನೆಯವರೇ ಆಟ ಬಿಡಿಸುತ್ತಾರೆ. ಅವರನ್ನು ದೂಷಿಸಲಾರೆ. ಇದೇ ಸೀಮೆಯಲ್ಲಿ ಹೈನುಗಾರಿಕೆ ಬೇರೂರಿದ್ದು ಡೇರಿಯವರು ದಿನಕ್ಕೆರಡು ಹೊತ್ತು ಹಾಲು ಅಳೆಸಿಕೊಂಡಿದ್ದರಿಂದ. ವರ್ಷಕ್ಕೊಂದು ದಿನ ಹಾಲು ಕೊಳ್ಳುವ ಸಂಘವಿದ್ದಿದ್ದರೆ ಯಾರು ಹಸು ಕಟ್ಟುತ್ತಿದ್ದರು?

ಆಗಬೇಕಾದದ್ದು ದುಬಾರಿಯದಲ್ಲ. ತಾಲ್ಲೂಕು ಕೇಂದ್ರದಲ್ಲಿ ಕ್ರೀಡಾಂಗಣ ಕಟ್ಟಿಸಿ ಗ್ಯಾಲರಿಗೆ ಬಣ್ಣ ಬಳಿಸುವ ಉತ್ಸಾಹ ನಮ್ಮ ಇಲಾಖೆಗಳಿಗಿದೆ, ಕಟ್ಟಡಕ್ಕೆ ಉದ್ಘಾಟನಾ ಫಲಕವಿರುತ್ತದೆ, ತರಬೇತುದಾರನ ಸಂಬಳಕ್ಕೆ ಇರುವುದಿಲ್ಲ. ನಾಲ್ಕು ತಾಲ್ಲೂಕುಗಳಿಂದ ಎರಡೆರಡು ತಂಡಗಳು, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಪ್ರತಿ ಭಾನುವಾರ ಪಂದ್ಯ, ತಾಲ್ಲೂಕಿಗೊಬ್ಬ ಸಂಬಳದ ತರಬೇತುದಾರ, ಆಟಗಾರರಿಗೆ ಬಸ್ಸಿನ ದರ ಮತ್ತು ಒಂದು ಊಟ ಸಾಕು. ಪಾವಗಡದ ಹುಡುಗರು ಬೆಳಿಗ್ಗೆ ಹೊರಟು ಮಧುಗಿರಿಯಲ್ಲಿ ಆಡಿ ಸಂಜೆಯೊಳಗೆ ಮನೆ ಸೇರಬಹುದು. ಬೆಂಗಳೂರಿನ ಕ್ಲಬ್ಬುಗಳು ಹುಡುಗರನ್ನು ಹುಡುಕಿಕೊಂಡು ಬರಬೇಕಾದರೆ ಅವರು ಪಂದ್ಯ ಆಡುತ್ತಿರುವುದನ್ನು ಮೊದಲು ಕಾಣಬೇಕಲ್ಲವೇ?