ಬೌದ್ಧಿಕ ವಿಕಲತೆಯುಳ್ಳ ವ್ಯಕ್ತಿಗಳ ಸ್ವತಂತ್ರ ಜೀವನಕ್ಕೆ ಸಹಾಯಕ ಸಾಧನಗಳು: ಅರ್ಜಿದಾರರಿಗೆ ಮಾಹಿತಿ

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಅನುಸೂಚಿಯಲ್ಲಿರುವ 21 ಬಗೆಯ ವಿಕಲತೆಗಳಲ್ಲಿ ಬೌದ್ಧಿಕ ವಿಕಲತೆಯೂ ಒಂದು. ಹಿಂದಿನ 1995ರ ಅಧಿನಿಯಮದಲ್ಲಿ ಇದನ್ನು ‘ಬುದ್ಧಿಮಾಂದ್ಯತೆ’ ಎಂದು ಕರೆಯಲಾಗಿತ್ತು. ತರ್ಕ, ಕಲಿಕೆ, ಸಮಸ್ಯೆ ಬಿಡಿಸುವಿಕೆ ಹಾಗೂ ದಿನನಿತ್ಯದ ಸಾಮಾಜಿಕ ಮತ್ತು ವ್ಯಾವಹಾರಿಕ ಕೌಶಲಗಳಲ್ಲಿ ಗಣನೀಯ ಮಿತಿ ಇರುವುದು ಇದರ ಲಕ್ಷಣ. ಇದು ಮಾನಸಿಕ ಕಾಯಿಲೆಯಲ್ಲ. ತಕ್ಕ ತರಬೇತಿ ಮತ್ತು ನೆರವು ದೊರೆತಲ್ಲಿ ಈ ವ್ಯಕ್ತಿಗಳು ಅಡುಗೆ, ಪ್ರಯಾಣ, ಖರೀದಿ, ಉದ್ಯೋಗ ಮೊದಲಾದ ಕೆಲಸಗಳನ್ನು ತಮ್ಮ ಶಕ್ತ್ಯಾನುಸಾರ ಸ್ವತಃ ನಿರ್ವಹಿಸಬಲ್ಲರು.

ಸಾಧನ ಸಲಕರಣೆ ಎಂದೊಡನೆ ಸಾರ್ವಜನಿಕರ ಮನಸ್ಸಿಗೆ ಗಾಲಿಕುರ್ಚಿ, ತ್ರಿಚಕ್ರ ವಾಹನ, ಶ್ರವಣ ಸಾಧನಗಳು ಬರುತ್ತವೆ. ಬೌದ್ಧಿಕ ವಿಕಲತೆಗೆ ಸಾಧನವೇ ಇಲ್ಲವೆಂದು ಅನೇಕ ಪೋಷಕರು ಭಾವಿಸಿರುತ್ತಾರೆ. ‘ನಮ್ಮ ನಂತರ ಈ ಮಗುವಿನ ಗತಿಯೇನು?’ ಎಂಬುದು ಇಂತಹ ಪ್ರತಿಯೊಂದು ಕುಟುಂಬದ ಚಿಂತೆ. ಈ ಪ್ರಶ್ನೆಗೆ ಸಾಧನವೊಂದೇ ಪೂರ್ಣ ಉತ್ತರವಲ್ಲವಾದರೂ, ಪೋಷಕರು ಇರುವಾಗಲೇ ಸರಿಯಾಗಿ ಆರಿಸಿ ಕಲಿಸಿದ ಸಾಧನವು ಉತ್ತರದ ಒಂದು ಭಾಗವಾಗಬಲ್ಲದು.

ಸಾಧನವನ್ನು ಆರಿಸುವ ಮುನ್ನ

ಯಾವ ಸಾಧನ ಬೇಕೆಂದು ಕೇಳುವ ಮೊದಲು, ಯಾವ ಕೆಲಸದ ಯಾವ ಹಂತದಲ್ಲಿ ತೊಡಕಾಗುತ್ತಿದೆ ಎಂಬುದನ್ನು ಗುರುತಿಸುವುದು ಅವಶ್ಯಕ. ಉದಾಹರಣೆಗೆ, ಬಸ್ಸಿನಲ್ಲಿ ಕೆಲಸಕ್ಕೆ ಹೋಗುವುದು ಒಂದೇ ಕೆಲಸವೆಂದು ತೋರಿದರೂ ಅದರಲ್ಲಿ ಹೊತ್ತಿಗೆ ಸರಿಯಾಗಿ ಮನೆ ಬಿಡುವುದು, ನಿಲ್ದಾಣಕ್ಕೆ ನಡೆಯುವುದು, ಬಸ್ಸನ್ನು ಗುರುತಿಸುವುದು, ಟಿಕೆಟ್ ಪಡೆಯುವುದು, ಇಳಿಯುವ ಸ್ಥಳ ತಿಳಿಯುವುದು ಎಂಬ ಐದು ಹಂತಗಳಿವೆ. ನಾಲ್ಕು ಹಂತಗಳನ್ನು ತಾನೇ ಮಾಡಬಲ್ಲ ವ್ಯಕ್ತಿಗೆ ಹೊತ್ತು ಮಾತ್ರ ತಿಳಿಯದಿದ್ದಲ್ಲಿ, ಮೊಬೈಲ್ ದೂರವಾಣಿಯ ಅಲಾರಂ ಒಂದೇ ಸಾಕು. ಬಸ್ಸಿನ ಫಲಕವನ್ನು ಓದಲಾಗದವರಿಗೆ ಆ ಫಲಕದ ಛಾಯಾಚಿತ್ರವುಳ್ಳ ಜೇಬಿನ ಕಾರ್ಡ್ ಸಾಕು. ದುಬಾರಿ ಸಾಧನವೇ ಉತ್ತಮ ಸಾಧನವೆಂದು ತಿಳಿಯಬಾರದು.

ಅಗತ್ಯಕ್ಕೆ ತಕ್ಕ ಸಾಧನಗಳು

1. ಹೊತ್ತು ಮತ್ತು ನೆನಪು: ದಿನದ ಕೆಲಸಗಳನ್ನು ಕ್ರಮವಾಗಿ ತೋರಿಸುವ ಚಿತ್ರ ವೇಳಾಪಟ್ಟಿ, ಕನ್ನಡದಲ್ಲಿ ಧ್ವನಿಮುದ್ರಿಸಿದ ಜ್ಞಾಪನೆ, ವಾರದ ಏಳು ದಿನಗಳಿಗೆ ಪ್ರತ್ಯೇಕ ಮನೆಗಳಿರುವ ಮಾತ್ರೆ ಡಬ್ಬಿ. ಮೂರ್ಛೆರೋಗಕ್ಕೆ ಔಷಧ ಸೇವಿಸುವವರಿಗೆ ಹೊತ್ತು ತಪ್ಪದಿರುವುದು ಬಹಳ ಮುಖ್ಯವಾದುದರಿಂದ ಮಾತ್ರೆ ಡಬ್ಬಿ ವಿಶೇಷವಾಗಿ ಉಪಯುಕ್ತ.

2. ಅಡುಗೆ ಮತ್ತು ಸುರಕ್ಷತೆ: ಪ್ರತಿ ಹಂತದ ಛಾಯಾಚಿತ್ರವುಳ್ಳ ಅಡುಗೆ ಕಾರ್ಡ್‌ಗಳು, ಅಕ್ಕಿ ಮತ್ತು ನೀರಿನ ಅಳತೆಗೆ ಬಣ್ಣದ ಗೆರೆ ಹಾಕಿದ ಪಾತ್ರೆ, ನಿಗದಿತ ಸಮಯದ ನಂತರ ತಾನಾಗಿ ಆರುವ ಇಂಡಕ್ಷನ್ ಒಲೆ.

3. ಹಣದ ವ್ಯವಹಾರ: ನೋಟುಗಳ ಚಿತ್ರ ಅಂಟಿಸಿದ, ಪ್ರತ್ಯೇಕ ಖಾನೆಗಳಿರುವ ಪರ್ಸ್. ಕೂಡುವ ಕಳೆಯುವ ಲೆಕ್ಕ ಬಾರದವರಿಗೆ ‘ಒಂದು ನೋಟು ಹೆಚ್ಚು’ ಎಂಬ ವಿಧಾನವನ್ನು ಕಲಿಸಬಹುದು. ಅಂಗಡಿಯವರು 34 ರೂಪಾಯಿ ಎಂದರೆ ಮೂವತ್ತಕ್ಕೆ ಹತ್ತರ ಮೂರು ನೋಟು, ಅದರ ಮೇಲೆ ಒಂದು, ಒಟ್ಟು ನಾಲ್ಕು ನೋಟು ಕೊಟ್ಟು ಚಿಲ್ಲರೆ ಪಡೆಯುವುದು.

4. ಸಂವಹನ: ಮಾತು ಸ್ಪಷ್ಟವಿಲ್ಲದವರಿಗೆ ಚಿತ್ರ ಫಲಕ, ಅಥವಾ ಚಿತ್ರವನ್ನು ಮುಟ್ಟಿದಾಗ ಮಾತನಾಡುವ ಮೊಬೈಲ್ ತಂತ್ರಾಂಶ. ಇದರಿಂದ ಮಗು ಮಾತು ಕಲಿಯುವುದನ್ನೇ ಬಿಟ್ಟೀತೆಂಬ ಆತಂಕ ಪೋಷಕರಲ್ಲಿದೆ; ಈ ಆತಂಕಕ್ಕೆ ಸಂಶೋಧನೆಗಳಲ್ಲಿ ಆಧಾರ ದೊರೆತಿಲ್ಲ. ಇಂತಹ ಸಾಧನಗಳ ಆಯ್ಕೆಗೆ ವಾಕ್ ಚಿಕಿತ್ಸಕರ ಸಲಹೆ ಪಡೆಯತಕ್ಕದ್ದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೇವೆ ಲಭ್ಯವಿದೆ.

5. ಓದು ಮತ್ತು ಕರೆ: ಅಕ್ಷರ ಬಾರದವರಿಗೆ ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದುವ ಸೌಲಭ್ಯ, ಸಂಖ್ಯೆಯ ಬದಲು ಬಂಧುಗಳ ಭಾವಚಿತ್ರ ಒತ್ತಿ ಕರೆ ಮಾಡುವ ವ್ಯವಸ್ಥೆ. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡುವುದನ್ನು ಅಭ್ಯಾಸ ಮಾಡಿಸತಕ್ಕದ್ದು.

ಕಲಿಸುವ ಕ್ರಮ

ಸಾಧನವನ್ನು ಕೈಗೆ ಕೊಟ್ಟ ಮಾತ್ರಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ. ಒಂದು ಸಮಯದಲ್ಲಿ ಒಂದೇ ಸಾಧನವನ್ನು, ಅದನ್ನು ನಿಜವಾಗಿ ಬಳಸುವ ಸ್ಥಳದಲ್ಲಿಯೇ ಕಲಿಸಬೇಕು. ಮೊದಲು ಮಾಡಿ ತೋರಿಸಿ, ನಂತರ ಜೊತೆಯಲ್ಲಿ ಮಾಡಿಸಿ, ಆಮೇಲೆ ಪಕ್ಕದಲ್ಲಿ ನಿಂತು ನೋಡಿ, ಕಡೆಗೆ ದೂರ ಸರಿಯಬೇಕು. ವ್ಯಕ್ತಿಯು ತಡವರಿಸಿದಾಗ ಕೂಡಲೇ ಕೆಲಸವನ್ನು ಕೈಯಿಂದ ತೆಗೆದುಕೊಳ್ಳದೆ ಕೆಲಕಾಲ ಕಾಯುವುದು ಸೂಕ್ತ. ಮೊಬೈಲ್ ಕೆಟ್ಟಾಗ ಅಥವಾ ವಿದ್ಯುತ್ ಇಲ್ಲದಾಗ ಬಳಸಲು ಚಿತ್ರ ಕಾರ್ಡ್‌ಗಳನ್ನು ಸಿದ್ಧವಾಗಿಟ್ಟಿರಬೇಕು.

ನೆರವು ಮತ್ತು ಕಣ್ಗಾವಲು

ಸ್ಥಳ ಪತ್ತೆ ಸಾಧನ, ಕ್ಯಾಮೆರಾ ಮುಂತಾದವು ಕುಟುಂಬಕ್ಕೆ ಧೈರ್ಯ ನೀಡುತ್ತವೆ. ಆದರೆ ವಯಸ್ಕ ವ್ಯಕ್ತಿಯನ್ನು ಅವರಿಗೆ ತಿಳಿಯದಂತೆ ಗಮನಿಸುವುದು ಸ್ವತಂತ್ರ ಜೀವನದ ಉದ್ದೇಶಕ್ಕೆ ವಿರುದ್ಧವಾದುದು. ಸಾಧನವು ಏನು ಮಾಡುತ್ತದೆ, ಯಾರು ನೋಡುತ್ತಾರೆ ಎಂಬುದನ್ನು ಸರಳ ಮಾತಿನಲ್ಲಿ ತಿಳಿಸಿ ಅವರ ಒಪ್ಪಿಗೆ ಪಡೆಯತಕ್ಕದ್ದು. ಬೇಡವೆಂದಲ್ಲಿ ಕಾರಣ ಕೇಳಿ ಬೇರೆ ದಾರಿ ಹುಡುಕತಕ್ಕದ್ದು. ಭಾರತವು 2007ರಲ್ಲಿ ಸ್ಥಿರೀಕರಿಸಿದ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯು ಸಮುದಾಯದಲ್ಲಿ ಸ್ವತಂತ್ರವಾಗಿ ಬಾಳುವ ಹಕ್ಕನ್ನು ಮಾನ್ಯ ಮಾಡಿದೆ. 2016ರ ಅಧಿನಿಯಮದ ಪ್ರಕರಣ 5 ಸಮುದಾಯ ಜೀವನದ ಹಕ್ಕನ್ನೂ, ಪ್ರಕರಣ 13 ಆಸ್ತಿ ಹೊಂದುವ ಮತ್ತು ತಮ್ಮ ಹಣಕಾಸು ವ್ಯವಹಾರವನ್ನು ನಿಯಂತ್ರಿಸುವ ಹಕ್ಕನ್ನೂ ನೀಡಿವೆ. ಪ್ರಕರಣ 14ರ ಸೀಮಿತ ಪಾಲಕತ್ವದಲ್ಲಿಯೂ ನಿರ್ಧಾರವು ಪಾಲಕರು ಮತ್ತು ವ್ಯಕ್ತಿ ಪರಸ್ಪರ ನಂಬಿಕೆಯಿಂದ ಜಂಟಿಯಾಗಿ ಕೈಗೊಳ್ಳುವಂತಹುದು.

ಅರ್ಜಿ ಸಲ್ಲಿಸುವ ವಿಧಾನ

ಮೊದಲನೆಯದಾಗಿ ಯು.ಡಿ.ಐ.ಡಿ. ಕಾರ್ಡ್ ಪಡೆಯತಕ್ಕದ್ದು. ಇದಕ್ಕೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿದ ನಂತರ ವೈದ್ಯಕೀಯ ಪ್ರಾಧಿಕಾರವು ಬುದ್ಧಿಮಟ್ಟದ ಜೊತೆಗೆ ದಿನನಿತ್ಯದ ಹೊಂದಾಣಿಕೆಯ ಕೌಶಲಗಳನ್ನೂ ಪರೀಕ್ಷಿಸುತ್ತದೆ. ಆದ್ದರಿಂದ ವ್ಯಕ್ತಿಯು ಮನೆಯಲ್ಲಿ ಏನನ್ನು ತಾನೇ ಮಾಡುತ್ತಾರೆ, ಯಾವುದಕ್ಕೆ ನೆರವು ಬೇಕು ಎಂಬುದನ್ನು ಬರೆದುಕೊಂಡು ಹೋಗುವುದು ಅನುಕೂಲಕರ.

ಕೇಂದ್ರ ಸರ್ಕಾರದ ಎ.ಡಿ.ಐ.ಪಿ. ಯೋಜನೆಯಡಿ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆಯುಳ್ಳವರಿಗೆ, ಆದಾಯ ಮಿತಿಗೆ ಒಳಪಟ್ಟು, ಸಾಧನ ಸಲಕರಣೆಗಳನ್ನು ನೀಡಲಾಗುತ್ತದೆ. ಬೌದ್ಧಿಕ ವಿಕಲತೆಯುಳ್ಳ ಮಕ್ಕಳಿಗೆ ಬೋಧನಾ ಕಲಿಕಾ ಸಾಮಗ್ರಿಗಳ ಪೆಟ್ಟಿಗೆಯೂ ಇದರಲ್ಲಿ ಸೇರಿದೆ. ಅದೇ ಉದ್ದೇಶಕ್ಕೆ ಹಿಂದಿನ 3 ವರ್ಷಗಳಲ್ಲಿ ನೆರವು ಪಡೆದಿರಬಾರದು. 12 ವರ್ಷದೊಳಗಿನ ಮಕ್ಕಳಿಗೆ ಈ ಅವಧಿ 1 ವರ್ಷ. ಅರ್ಜಿಯೊಂದಿಗೆ ಈ ಕೆಳಕಂಡ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು:

1. ಯು.ಡಿ.ಐ.ಡಿ. ಕಾರ್ಡ್ ಅಥವಾ ವಿಕಲತೆಯ ಪ್ರಮಾಣ ಪತ್ರ
2. ಆದಾಯ ಪ್ರಮಾಣ ಪತ್ರ
3. ಗುರುತು ಮತ್ತು ವಿಳಾಸದ ದಾಖಲೆ
4. ಇತ್ತೀಚಿನ ಭಾವಚಿತ್ರ

ಅರ್ಜಿಯಲ್ಲಿ ‘ಸಾಧನ ಬೇಕು’ ಎಂದಷ್ಟೇ ಬರೆಯದೆ, ಯಾವ ಕೆಲಸದ ಯಾವ ಹಂತಕ್ಕೆ ಬೇಕೆಂದು ಸ್ಪಷ್ಟವಾಗಿ ನಮೂದಿಸಿದಲ್ಲಿ ಸೂಕ್ತ ಸಾಧನವನ್ನು ಗುರುತಿಸಲು ಸಹಾಯವಾಗುತ್ತದೆ. ಮೇಲೆ ತಿಳಿಸಿದ ಚಿತ್ರ ಕಾರ್ಡ್, ಅಲಾರಂ, ಅಳತೆ ಪಾತ್ರೆಗಳಿಗೆ ಯಾವ ಮಂಜೂರಾತಿಯೂ ಬೇಕಿಲ್ಲ. ಅವನ್ನು ಮನೆಯಲ್ಲಿ ಇಂದೇ ಆರಂಭಿಸಬಹುದು.

ಅರ್ಜಿ ಸಲ್ಲಿಸಲು ನೆರವು ಬೇಕಾದವರು ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು, ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ಜಿಲ್ಲೆಯ ವಿಕಲಚೇತನರ ಕಲ್ಯಾಣಾಧಿಕಾರಿಗಳನ್ನು ಸಂಪರ್ಕಿಸಬಹುದು. ಕಚೇರಿಗೆ ಬರುವಾಗ ಸಾಧನವನ್ನು ಬಳಸಲಿರುವ ವ್ಯಕ್ತಿಯನ್ನೂ ಜೊತೆಯಲ್ಲಿ ಕರೆತಂದು, ಅವರ ಅಭಿಪ್ರಾಯವನ್ನು ಅವರಿಂದಲೇ ಹೇಳಿಸಲು ಪೋಷಕರಲ್ಲಿ ಕೋರಲಾಗಿದೆ.